ರಸಪ್ರಶ್ನೆಗೆ ಒಂದು ತಮಾಷೆ ಉತ್ತರ ಯಾಕೆ ಬೇಕು

"ಯಾವ ಗ್ರಹದಲ್ಲಿ ಒಂದು ದಿನ ಒಂದು ವರ್ಷಕ್ಕಿಂತ ಉದ್ದ?" ಅಂತ ನಮ್ಮ ಗ್ರೂಪಲ್ಲಿ ಒಬ್ರು ಪ್ರಶ್ನೆ ಹಾಕಿದ್ರು. ನಮ್ದು ರಾತ್ರಿ ಆಕಾಶ ನೋಡೋರ ಗ್ರೂಪು, ಟೆಲಿಸ್ಕೋಪ್ ಇರೋರು ಒಂದಷ್ಟು ಜನ, ಬರೀ ಕಣ್ಣಲ್ಲೇ ನೋಡೋರು ಇನ್ನೊಂದಷ್ಟು ಜನ, ಮೋಡ ಮುಚ್ಚಿದ ದಿನ ನೋಡೋಕೆ ಏನೂ ಇರಲ್ವಲ್ಲ, ಆಗ ಹೀಗೆ ಒಬ್ರಿಗೊಬ್ರು ಪ್ರಶ್ನೆ ಹಾಕ್ಕೊಂಡು ಕೂತ್ಕೋತೀವಿ. ಸ್ವಲ್ಪ ಹೊತ್ತು ಯಾರೂ ಮಾತಾಡ್ಲಿಲ್ಲ. ಆಮೇಲೆ ಮೂಲೇಲಿ ಕೂತಿದ್ದ ಒಬ್ರು "ಭೂಮೀನೇ, ಆದ್ರೆ ಸೋಮವಾರ ಮಾತ್ರ" ಅಂದ್ರು. ಎಲ್ರೂ ಜೋರಾಗಿ ನಕ್ವಿ. ನಗು ನಿಲ್ಲೋಕೆ ಮುಂಚೆನೇ ಒಬ್ರು "ಶುಕ್ರ" ಅಂದ್ರು, ಇನ್ನೊಬ್ರು "ಅಲ್ಲ, ಬುಧ" ಅಂದ್ರು, ಅಲ್ಲಿಂದ ಶುರುವಾದ ವಾದ ಒಂದು ಗಂಟೆ ನಡೀತು. ಇಬ್ರದ್ದೂ ಸರೀನೇ, ಅದು ಹೆಂಗೆ ಅಂತ ಆಮೇಲೆ ಹೇಳ್ತೀನಿ.

ಸೋಮವಾರದ ಉತ್ತರ ಬರೋವರೆಗೂ ಯಾರೂ ಬಾಯಿ ಬಿಟ್ಟಿರ್ಲಿಲ್ಲ ಅನ್ನೋದನ್ನ ಗಮನಿಸಿ. ಈ ಲೇಖನ ಬರೀತಿರೋದೇ ಅದಕ್ಕೆ. ಬಹಳ ಗ್ರೂಪುಗಳಲ್ಲಿ ತಮಾಷೆ ಉತ್ತರ ಅಂದ್ರೆ ಟೈಮ್ ವೇಸ್ಟು, ಸೀರಿಯಸ್ಸಾಗಿ ಆಡೋರಿಗೆ ಡಿಸ್ಟರ್ಬು ಅಂತ ಅಂದ್ಕೋತಾರೆ, ಕೆಲವು ಕಡೆ "ದಯವಿಟ್ಟು ಸರಿ ಉತ್ತರ ಗೊತ್ತಿದ್ರೆ ಮಾತ್ರ ಹೇಳಿ" ಅಂತ ರೂಲ್ಸೇ ಮಾಡಿರ್ತಾರೆ. ನನ್ನ ಪ್ರಕಾರ ಅದು ತಪ್ಪು. ಪ್ರಶ್ನೆ ಹಾಕೋ ಆಟದಲ್ಲಿ ತಮಾಷೆ ಉತ್ತರಕ್ಕೆ ಒಂದು ಕೆಲಸ ಇದೆ, ಅದನ್ನ ಬೇರೆ ಯಾವುದೂ ಮಾಡಲ್ಲ. ಆ ಕೆಲಸ ಏನು, ಅದು ಎಲ್ಲಿ ಕೆಡತ್ತೆ ಅನ್ನೋದನ್ನ ನನಗೆ ತಿಳಿದಷ್ಟು ಬಿಡಿಸಿ ಹೇಳ್ತೀನಿ.

ಮೊದ್ಲು ಟ್ರಿವಿಯಾ ಅನ್ನೋ ಪದ. ಲ್ಯಾಟಿನ್‌ನಲ್ಲಿ ಟ್ರಿವಿಯಮ್ ಅಂದ್ರೆ ಮೂರು ದಾರಿ ಕೂಡೋ ಜಾಗ. ಅದರ ಜೊತೆ ಸೇರ್ಕೊಂಡ ಅರ್ಥ ಏನಂದ್ರೆ ಬೀದೀಲಿ ಸಿಗೋ ಸಾಮಾನ್ಯ ವಿಷಯ, ದೊಡ್ಡ ಬೆಲೆ ಇಲ್ಲದ್ದು. ಈಗ ನಾವು ಬಳಸೋ ಅರ್ಥ, ಅಂದ್ರೆ ಪ್ರಶ್ನೆ ಕೇಳಿ ಉತ್ತರ ಹೇಳಿಸೋ ಆಟ, ಜನಪ್ರಿಯ ಆಗಿದ್ದು 1960ರ ದಶಕದಲ್ಲಿ. ನ್ಯೂಯಾರ್ಕ್‌ನ ಕೊಲಂಬಿಯಾ ಯೂನಿವರ್ಸಿಟೀಲಿ ಎಡ್ ಗುಡ್‌ಗೋಲ್ಡ್, ಡ್ಯಾನ್ ಕಾರ್ಲಿನ್‌ಸ್ಕಿ ಅನ್ನೋ ವಿದ್ಯಾರ್ಥಿಗಳು 1965ರ ಸುಮಾರಿಗೆ ಇದಕ್ಕೆ ಆ ಹೆಸರಿಟ್ಟು ಸ್ಪರ್ಧೆ ನಡೆಸೋಕೆ ಶುರು ಮಾಡಿದ್ರು. ಅದರ ಮೂಲ ರೂಪ ನೋಡಿದ್ರೆ ಸ್ನೇಹಿತರು ಕೂತ್ಕೊಂಡು ಚಿಕ್ಕವರಿದ್ದಾಗ ನೋಡಿದ್ದು ಕೇಳಿದ್ದನ್ನ ನೆನಪಿಸ್ಕೊಂಡು "ಇದು ನೆನಪಿದ್ಯಾ, ಅದು ನೆನಪಿದ್ಯಾ" ಅಂತ ಪ್ರಶ್ನೆ ಬದಲಾಯಿಸ್ಕೊಳ್ಳೋದು ಅಷ್ಟೇ. ನಾನೊಂದು ಕೇಳ್ತೀನಿ ನೀನೊಂದು ಕೇಳು ಅನ್ನೋ ಕೊಡು-ಕೊಳ್ಳುವಿಕೆ ಮೊದಲು ಬಂತು, ಸ್ಟೇಜು, ಬಹುಮಾನ, ಬಝರ್ ಎಲ್ಲಾ ಆಮೇಲೆ ಸೇರ್ಕೊಂಡಿದ್ದು.

ಈಗ ನಮ್ಮ ಭಾಷೇಲಿ ಇದಕ್ಕೆ ಹತ್ತಿರದ್ದು ಎರಡಿವೆ, ಒಂದು ಒಗಟು ಇನ್ನೊಂದು ರಸಪ್ರಶ್ನೆ, ಎರಡೂ ಒಂದೇ ಅಂತ ಅಂದ್ಕೊಂಡ್ರೆ ಮುಂದಿನ ವಿಷಯ ಅರ್ಥ ಆಗಲ್ಲ. ಒಗಟಿಗೆ ಉತ್ತರ ಪ್ರಶ್ನೆ ಒಳಗೇ ಬಚ್ಚಿಟ್ಟಿರತ್ತೆ, ತಿರುಗಿಸಿ ಮುರುಗಿಸಿ ನೋಡಿದ್ರೆ ಸಿಗತ್ತೆ, ಅದಕ್ಕೆ ಹೊರಗಿನ ಮಾಹಿತಿ ಹೆಚ್ಚೇನೂ ಬೇಡ. ರಸಪ್ರಶ್ನೆ ಹಾಗಲ್ಲ, ಉತ್ತರ ಹೊರಗೆಲ್ಲೋ ಇರತ್ತೆ, ಗೊತ್ತಿದ್ರೆ ಗೊತ್ತು ಇಲ್ಲಾಂದ್ರೆ ಇಲ್ಲ, ಪ್ಲೂಟೋನ ಯಾವ ಇಸವೀಲಿ ಕಂಡುಹಿಡಿದ್ರು ಅನ್ನೋದನ್ನ ಎಷ್ಟು ಯೋಚನೆ ಮಾಡಿದ್ರೂ ಪ್ರಶ್ನೆ ಒಳಗಿಂದ ತೆಗೆಯೋಕಾಗಲ್ಲ. (1930.) ತಮಾಷೆ ಉತ್ತರ ಕೊಡೋರು ಏನ್ ಮಾಡ್ತಾರೆ ಅಂದ್ರೆ ರಸಪ್ರಶ್ನೇನ ಒಗಟು ಅಂತ ಓದ್ತಾರೆ. ಹೊರಗಿರೋ ಉತ್ತರ ಬಿಟ್ಟು ಪ್ರಶ್ನೆಯ ಪದಗಳ ಒಳಗೇ ಇನ್ನೊಂದು ಉತ್ತರ ಹುಡುಕ್ತಾರೆ. ನನಗೆ ಇದು ಹೊಳೆದ ದಿನ ನಮ್ಮ ಗ್ರೂಪಿನ ಹಳೇ ಜೋಕುಗಳೆಲ್ಲಾ ಒಂದೇ ಸಲಕ್ಕೆ ಅರ್ಥ ಆದಂಗಾಯ್ತು.

ಉದಾಹರಣೆಗೆ, "ಚಂದ್ರನ ಮೇಲೆ ಎರಡನೇದಾಗಿ ಕಾಲಿಟ್ಟಿದ್ದು ಯಾರು?" ಅನ್ನೋ ಪ್ರಶ್ನೆ. ಸರಿ ಉತ್ತರ ಬಝ್ ಆಲ್ಡ್ರಿನ್, 1969ರ ಜುಲೈನಲ್ಲಿ, ಆರ್ಮ್‌ಸ್ಟ್ರಾಂಗ್ ಇಳಿದು ಸುಮಾರು 19 ನಿಮಿಷ ಆದ್ಮೇಲೆ. ನಮ್ಮ ಗ್ರೂಪಿನ ಮೇಡಮ್ ಒಬ್ರು ಕೊಟ್ಟ ಉತ್ತರ "ಆರ್ಮ್‌ಸ್ಟ್ರಾಂಗ್ ಅವರ ಬಲಗಾಲು." ನೋಡಿ, ಪ್ರಶ್ನೇಲಿ ಕಾಲಿಡೋದು ಅನ್ನೋ ಮಾತಿದೆ, ನಾವೆಲ್ಲ ಅದನ್ನ ಹೋಗಿ ತಲುಪೋದು ಅನ್ನೋ ಅರ್ಥದಲ್ಲಿ ಓದ್ತೀವಿ, ಮೇಡಮ್ ಅದನ್ನ ಕಾಲು ಅಂದ್ರೆ ಕಾಲೇ ಅಂತ ಓದಿದ್ರು. ಇನ್ನೂ ಮಜಾ ಏನಂದ್ರೆ ಅದರಲ್ಲಿ ಒಂದು ನಿಜ ಸಂಗತಿ ಸೇರ್ಕೊಂಡಿದೆ, ಆರ್ಮ್‌ಸ್ಟ್ರಾಂಗ್ ಮೊದಲು ಇಟ್ಟಿದ್ದು ಎಡಗಾಲೇ. ಅವತ್ತು ಗ್ರೂಪಲ್ಲಿ ಅರ್ಧ ಜನಕ್ಕೆ ಅದು ಗೊತ್ತಿರ್ಲಿಲ್ಲ, ಈಗ ಯಾರೂ ಮರೆತಿಲ್ಲ.

ಯಾಕೆ ಮರೆತಿಲ್ಲ ಅನ್ನೋದಕ್ಕೆ ಪ್ರಶ್ನೆ ಕೇಳಿದ್ಮೇಲೆ ತಲೆ ಒಳಗೆ ಏನಾಗತ್ತೆ ಅಂತ ಸ್ವಲ್ಪ ನೋಡ್ಬೇಕು. 1966ರಲ್ಲಿ ರೋಜರ್ ಬ್ರೌನ್, ಡೇವಿಡ್ ಮೆಕ್‌ನೀಲ್ ಅನ್ನೋ ಇಬ್ರು ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿದ್ರು, ಅಪರೂಪದ ಪದಗಳ ಅರ್ಥ ಓದಿ ಹೇಳೋದು, ಪದ ಯಾವುದು ಅಂತ ಕೇಳೋದು. ಅದರಲ್ಲಿ ಒಂದು, ಸಮುದ್ರದಲ್ಲಿ ಸೂರ್ಯ ಚಂದ್ರ ನಕ್ಷತ್ರಗಳ ಎತ್ತರದ ಕೋನ ಅಳೆಯೋ ಸಾಧನ, ಅಂದ್ರೆ ಸೆಕ್ಸ್‌ಟೆಂಟ್. ಬಹಳ ಜನ "ಅಯ್ಯೋ ಬಾಯಲ್ಲೇ ಇದೆ, ಬರ್ತಿಲ್ಲ" ಅನ್ನೋ ಸ್ಥಿತೀಲಿ ಸಿಕ್ಕಾಕ್ಕೊಂಡ್ರು. ಆ ಸ್ಥಿತೀಲಿ ಇದ್ದೋರಿಗೆ ಪದ ಬರದೇ ಇದ್ರೂ ಅದರ ಮೊದಲನೇ ಅಕ್ಷರ ಏನು, ಪದ ಎಷ್ಟು ಉದ್ದ ಅನ್ನೋದು ಸುಮಾರಾಗಿ ಸರಿಯಾಗೇ ಗೊತ್ತಿರ್ತಿತ್ತು. ಗೊತ್ತು, ಗೊತ್ತಿಲ್ಲ ಅಂತ ಎರಡೇ ಖಾನೆ ಇಲ್ಲ, ಮಧ್ಯೆ ಒಂದು ದೊಡ್ಡ ಜಾಗ ಇದೆ, ಪ್ರಶ್ನೆ ಆಡೋರೆಲ್ಲ ಬಹಳ ಹೊತ್ತು ಇರೋದು ಅಲ್ಲೇ.

ಕುತೂಹಲ ಹುಟ್ಟೋದೂ ಅಲ್ಲೇ. ಕ್ಯಾಲ್ಟೆಕ್‌ನ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಜನಕ್ಕೆ 40 ಟ್ರಿವಿಯಾ ಪ್ರಶ್ನೆ ಕೊಟ್ಟು ಉತ್ತರ ಎಷ್ಟು ಗ್ಯಾರಂಟಿ, ತಿಳ್ಕೊಳ್ಳೋ ಆಸೆ ಎಷ್ಟಿದೆ ಅಂತ ಕೇಳಿದ್ರು. ಏನೂ ಗೊತ್ತಿಲ್ಲ ಅನ್ನೋ ಕಡೆ ಆಸೆ ಕಮ್ಮಿ, ಪೂರ್ತಿ ಗೊತ್ತು ಅನ್ನೋ ಕಡೇನೂ ಕಮ್ಮಿ, ಅರೆಬರೆ ಗೊತ್ತಿದೆ ಅನ್ನೋ ಮಧ್ಯದಲ್ಲೇ ಜಾಸ್ತಿ. ಪ್ರಶ್ನೆ ಹಾಕೋರು ಇದನ್ನ ಗಟ್ಟಿಯಾಗಿ ಹಿಡ್ಕೋಬೇಕು. ಯಾರಿಗೂ ತಲೆಬುಡ ಗೊತ್ತಾಗದ ಪ್ರಶ್ನೆ ಹಾಕಿದ್ರೆ ಗ್ರೂಪು ಸುಮ್ಮನಾಗತ್ತೆ, ಅದು ಪ್ರಶ್ನೆ ಚೆನ್ನಾಗಿದೆ ಅನ್ನೋದಕ್ಕೆ ಸಾಕ್ಷಿ ಅಲ್ಲ, ಹಿಡ್ಕೊಳ್ಳೋಕೆ ಎಲ್ಲೂ ಹಿಡಿ ಇಲ್ಲ ಅನ್ನೋದಕ್ಕೆ ಸಾಕ್ಷಿ.

2014ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ಯೂನಿವರ್ಸಿಟೀಲಿ ಮಾಡಿದ ಇನ್ನೊಂದು ಪ್ರಯೋಗ ನನಗೆ ಬಹಳ ಇಷ್ಟ. ಪ್ರಶ್ನೆ ತೋರಿಸಿ ಉತ್ತರ ಕೊಡೋಕೆ ಮುಂಚೆ 14 ಸೆಕೆಂಡು ಕಾಯಿಸ್ತಿದ್ರು, ಆ ಕಾಯೋ ಹೊತ್ತಲ್ಲಿ ಪ್ರಶ್ನೆಗೆ ಏನೇನೂ ಸಂಬಂಧ ಇಲ್ಲದ ಯಾರದೋ ಒಂದು ಮುಖದ ಫೋಟೋ ತೋರಿಸ್ತಿದ್ರು. ಆಮೇಲೆ ಪರೀಕ್ಷೆ ಮಾಡಿದಾಗ, ಯಾವ ಪ್ರಶ್ನೆಗೆ ಕುತೂಹಲ ಜಾಸ್ತಿ ಇತ್ತೋ ಅದರ ಉತ್ತರ ಚೆನ್ನಾಗಿ ನೆನಪಿತ್ತು, ಅದೇನೂ ಆಶ್ಚರ್ಯ ಅಲ್ಲ, ಆದ್ರೆ ಆ ಪ್ರಶ್ನೆಗಳಿಗೆ ಕಾಯ್ತಿದ್ದಾಗ ಕಂಡ ಮುಖಗಳೂ ಬೇರೆಯವುಕ್ಕಿಂತ ಚೆನ್ನಾಗಿ ನೆನಪಿದ್ವು. ಅಂದ್ರೆ ಕಾಯೋ ಹೊತ್ತಲ್ಲಿ ಬಾಗಿಲು ತೆಗೆದಿರತ್ತೆ, ಆಗ ಪಕ್ಕದಲ್ಲಿ ಹಾದು ಹೋದದ್ದೂ ಒಳಗೆ ಬರತ್ತೆ.

ಇದನ್ನ ನಮ್ಮ ಆಟಕ್ಕೆ ಹಚ್ಚಿ ನೋಡಿ, ಇದು ನನ್ನದೇ ಲೆಕ್ಕಾಚಾರ, ಪ್ರಯೋಗದಲ್ಲಿ ಹಾಗಂತ ಹೇಳಿಲ್ಲ. ಪ್ರಶ್ನೆ ಬಿತ್ತು, ಐದನೇ ಸೆಕೆಂಡಲ್ಲಿ ಯಾರೋ ಫೋನ್ ತೆಗೆದು ಗೂಗಲ್ ಮಾಡಿ ಉತ್ತರ ಹೇಳಿದ್ರು ಅಂದ್ರೆ ಬಾಗಿಲು ತೆಗೆಯೋಕೆ ಮುಂಚೆನೇ ಮುಚ್ಚಿಬಿಟ್ರು. ಸರಿ ಹಾಗಾದ್ರೆ ಹುಡುಕಬೇಡಿ ಅಂತ ಹೇಳಿ ಸುಮ್ನೆ ಕಾಯೋಣ ಅಂದ್ರೂ ಆಗಲ್ಲ, ಬರೀ ಮೌನದಲ್ಲಿ ಜನ ಎದ್ದು ಹೋಗ್ತಾರೆ, ಇಲ್ಲಾ ಬೇರೆ ಮಾತು ಶುರು ಮಾಡ್ತಾರೆ. ಪ್ರಶ್ನೇನ ಗಾಳೀಲಿ ಹಿಡಿದಿಟ್ಟು, ಬಿದ್ದು ಹೋಗದ ಹಾಗೆ ನೋಡ್ಕೊಳ್ಳೋಕೆ ಏನೋ ಒಂದು ಬೇಕು. ಆ ಕೆಲಸ ಮಾಡೋದೇ ತಮಾಷೆ ಉತ್ತರ. ಅದು ಉತ್ತರದ ಆಕಾರದಲ್ಲಿ ಇರತ್ತೆ ಆದ್ರೆ ಉತ್ತರ ಅಲ್ಲ, ಹಾಗಾಗಿ ಬಾಗಿಲು ಮುಚ್ಚೋದೂ ಇಲ್ಲ, ಎಲ್ರೂ ಮತ್ತೆ ಪ್ರಶ್ನೆ ಕಡೆ ತಿರುಗ್ತಾರೆ. ಭೂಮಿ ಸೋಮವಾರ ಅಂದಿದ್ದು ಕೇಳಿ ನಗ್ತಾ ನಗ್ತಾನೇ ಎಲ್ರೂ ಇನ್ನೊಂದ್ಸಲ ಯೋಚನೆ ಮಾಡಿದ್ರು, ಹೌದಲ್ಲ, ದಿನ ಅಂದ್ರೆ ಏನು ಅಂತ.

ಎಲ್ಲಾ ತಮಾಷೆ ಉತ್ತರವೂ ಒಂದೇ ಜಾತಿ ಅಲ್ಲ. ಪದವನ್ನ ಅಕ್ಷರಶಃ ಓದೋದು ಒಂದು ದಾರಿ, ಬಲಗಾಲಿನ ಜೋಕು ಆ ಥರದ್ದು. ಪದಕ್ಕೆ ಎರಡು ಅರ್ಥ ಇದ್ದಾಗ ತಪ್ಪು ಅರ್ಥ ಹಿಡಿಯೋದು ಇನ್ನೊಂದು, ಕನ್ನಡದಲ್ಲಿ ಇದಕ್ಕೆ ಭರ್ಜರಿ ಅವಕಾಶ ಇದೆ. ತಿಂಗಳು ಅಂದ್ರೆ ಚಂದ್ರನೂ ಹೌದು ಮಾಸವೂ ಹೌದು. ಒಬ್ರು ಸ್ವಲ್ಪ ಹಳೇಗನ್ನಡ ಸ್ಟೈಲಲ್ಲಿ "ತಿಂಗಳು ನಮ್ಮಿಂದ ವರ್ಷಕ್ಕೆ ಎಷ್ಟು ದೂರ ಸರೀತಿದೆ?" ಅಂತ ಕೇಳಿದ್ರು. ಉತ್ತರ ಸುಮಾರು 3.8 ಸೆಂಟಿಮೀಟರ್, ಚಂದ್ರನ ಮೇಲೆ ಇಟ್ಟು ಬಂದಿರೋ ಕನ್ನಡಿಗಳಿಗೆ ಲೇಸರ್ ಹೊಡೆದು ಅಳೆದಿರೋದು. ತಕ್ಷಣ ಬಂದ ಉತ್ತರ "ತಿಂಗಳು ಗೊತ್ತಿಲ್ಲ, ತಿಂಗಳ ಕೊನೆ ಮಾತ್ರ ದೂರ ದೂರ ಹೋಗ್ತಾನೇ ಇದೆ, ಸಂಬಳ ಹತ್ರ ಬರ್ತಿಲ್ಲ." ಶುಕ್ರ ತನ್ನ ಸುತ್ತ ತಾನು ಒಂದು ಸಲ ತಿರುಗೋಕೆ 243 ದಿನ ತಗೋತಾನೆ ಅಂದಾಗ ಹಿರಿಯರೊಬ್ರು "ಶುಕ್ರದೆಸೆ ಬರೋದು ಯಾಕಿಷ್ಟು ತಡ ಅಂತ ಈಗ ಗೊತ್ತಾಯ್ತು ನೋಡಪ್ಪಾ" ಅಂದಿದ್ರು. ಇವೆರಡನ್ನೂ ಬೇರೆ ಭಾಷೇಲಿ ಹೇಳೋಕೆ ಹೋದ್ರೆ ಸತ್ತು ಹೋಗ್ತವೆ, ಅದಕ್ಕೇ ನನಗೆ ಇವು ಹೆಚ್ಚು ಇಷ್ಟ.

ಮೂರನೇದು ಅಪರೂಪದ್ದು, ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಮೇಲಿನದ್ದು, ಅದರಲ್ಲಿ ಸರಿ ಉತ್ತರವೇ ತಮಾಷೆ ಒಳಗೆ ಕೂತಿರತ್ತೆ. "ಗ್ರಹ ಅಂತ ಕರೆಸ್ಕೊಂಡಿದ್ದಷ್ಟು ಕಾಲದಲ್ಲಿ ಪ್ಲೂಟೋ ಸೂರ್ಯನ್ನ ಎಷ್ಟು ಸುತ್ತು ಹಾಕ್ತು?" ಅನ್ನೋದು ಪ್ರಶ್ನೆ. 1930ರಲ್ಲಿ ಕಂಡುಹಿಡಿದ್ರು, 2006ರಲ್ಲಿ ಅಂತಾರಾಷ್ಟ್ರೀಯ ಖಗೋಳ ಒಕ್ಕೂಟ ಅದನ್ನ ಕುಬ್ಜ ಗ್ರಹ ಅಂತ ಮಾಡ್ತು, 76 ವರ್ಷ ಆಯ್ತು. ಪ್ಲೂಟೋಗೆ ಒಂದು ಸುತ್ತಿಗೆ ಬೇಕಿರೋದು ಸುಮಾರು 248 ವರ್ಷ. ಒಂದು ಸುತ್ತೂ ಇರ್ಲಿ, ಮೂರನೇ ಒಂದು ಭಾಗವೂ ಆಗಿರ್ಲಿಲ್ಲ. ಇದಕ್ಕೆ ಬಂದ ಉತ್ತರ "ಪಾಪ, ಪ್ರೊಬೇಷನ್ ಮುಗಿಯೋಕೆ ಮುಂಚೆನೇ ಕೆಲಸದಿಂದ ತೆಗೆದ್ರು." ಈ ಮಾತು ಹೇಳ್ಬೇಕಾದ್ರೆ ಆ ಮನುಷ್ಯನಿಗೆ ಸರಿ ಉತ್ತರ ಗೊತ್ತಿರ್ಲೇಬೇಕು. ಕೇಳಿದೋರು ಜೋಕನ್ನ ನೆನಪಿಟ್ಕೊಂಡ್ರೆ ಸಾಕು, ಸಂಗತಿ ತಾನಾಗೇ ಜೊತೆಗೆ ಬರತ್ತೆ.

ತಮಾಷೆ ಹೆಚ್ಚು ನೆನಪಿರತ್ತೆ ಅನ್ನೋದಕ್ಕೂ ಒಂದು ಷರತ್ತಿದೆ, ಅದನ್ನ ಬಹಳ ಜನ ಗಮನಿಸಲ್ಲ. ಸ್ಟೀಫನ್ ಶ್ಮಿಟ್ ಅನ್ನೋ ಮನಶ್ಶಾಸ್ತ್ರಜ್ಞ 1994ರಲ್ಲಿ ತಮಾಷೆ ವಾಕ್ಯ ಸಾದಾ ವಾಕ್ಯ ಎರಡನ್ನೂ ಕೊಟ್ಟು ಯಾವುದು ನೆನಪಿರತ್ತೆ ಅಂತ ನೋಡಿದ. ಎರಡೂ ಬೆರೆಸಿ ಕೊಟ್ಟಾಗ ತಮಾಷೆದ್ದು ಗೆಲ್ತಿತ್ತು, ಸಾದಾ ವಾಕ್ಯಗಳು ಹಿಂದೆ ಬೀಳ್ತಿದ್ವು. ಒಂದಿಡೀ ಪಟ್ಟಿ ಬರೀ ತಮಾಷೇದೇ ಕೊಟ್ರೆ ಆ ಲಾಭ ಇರ್ತಿರ್ಲಿಲ್ಲ. ಗ್ರೂಪಲ್ಲೂ ಹಂಗೇನೇ ಆಗತ್ತೆ. ಹತ್ತು ಜನ ಸೀರಿಯಸ್ಸಾಗಿ ಗೆಸ್ ಮಾಡ್ತಿರ್ವಾಗ ಬಂದ ಒಂದು ಜೋಕು ಮಿಂಚತ್ತೆ, ಹತ್ತಕ್ಕೆ ಹತ್ತೂ ಜೋಕೇ ಆದ್ರೆ ಪ್ರಶ್ನೆ ಎಲ್ಲಿ ಹೋಯ್ತು ಅಂತಾನೇ ಗೊತ್ತಾಗಲ್ಲ, ಪ್ರಶ್ನೆ ಹಾಕಿದೋರು ಮುಖ ಸಣ್ಣ ಮಾಡ್ಕೊಂಡು ಕೂತಿರ್ತಾರೆ. ಒಂದು ಪ್ರಶ್ನೆಗೆ ಒಂದೆರಡು ತಮಾಷೆ, ಅದಕ್ಕಿಂತ ಜಾಸ್ತಿ ಬೇಡ.

ಇನ್ನೊಂದು ಮಾತು ಇಲ್ಲೇ ಹೇಳ್ಬಿಡ್ತೀನಿ. ತಮಾಷೆ ಪ್ರಶ್ನೆ ಮೇಲೆ ಇರ್ಬೇಕು, ಕೇಳಿದೋರ ಮೇಲಲ್ಲ. "ಇಷ್ಟೂ ಗೊತ್ತಿಲ್ವಾ" ಅನ್ನೋ ಧಾಟೀಲಿ ಬಂದ ಯಾವ ನಗೂನೂ ಗ್ರೂಪಿಗೆ ಒಳ್ಳೇದು ಮಾಡಿದ್ದು ನಾನು ನೋಡಿಲ್ಲ. ಒಂದ್ಸಲ ಹಾಗೆ ನಗಿಸ್ಕೊಂಡ ಒಬ್ಬ ಹುಡುಗ ಆಮೇಲೆ ನಮ್ಮ ಕಡೆ ಬರೋದೇ ನಿಲ್ಲಿಸಿದ, ಅದು ನನಗೆ ಇವತ್ತಿಗೂ ಬೇಜಾರು.

ತಪ್ಪು ಉತ್ತರದ ಬೆಲೆ ಏನು ಅಂತ ಗೊತ್ತಿದ್ರೆ ಹಾಗೆ ನಗೋಕೆ ಮನಸ್ಸೂ ಬರಲ್ಲ. 2001ರಲ್ಲಿ ಬಟರ್‌ಫೀಲ್ಡ್, ಮೆಟ್‌ಕಾಫ್ ಅನ್ನೋ ಇಬ್ರು ಸಂಶೋಧಕರು ಸಾಮಾನ್ಯ ಜ್ಞಾನದ ಪ್ರಶ್ನೆ ಇಟ್ಕೊಂಡು ಮಾಡಿದ ಕೆಲಸದಲ್ಲಿ ಗೊತ್ತಾಗಿದ್ದು ಏನಂದ್ರೆ, ಅನುಮಾನದಲ್ಲಿ ಹೇಳಿದ ತಪ್ಪಿಗಿಂತ ಗ್ಯಾರಂಟಿ ಅಂತ ಧೈರ್ಯವಾಗಿ ಹೇಳಿದ ತಪ್ಪು ಒಮ್ಮೆ ತಿದ್ದಿದ್ಮೇಲೆ ಇನ್ನೂ ಚೆನ್ನಾಗಿ ತಿದ್ಕೊಳ್ಳತ್ತೆ. "ಚಂದ್ರನಿಂದ ಕಾಣೋ ಮನುಷ್ಯ ಕಟ್ಟಿದ ವಸ್ತು ಯಾವುದು" ಅಂದ್ರೆ ಚೀನಾದ ಮಹಾಗೋಡೆ ಅಂತ ಎದೆ ತಟ್ಕೊಂಡು ಹೇಳ್ತೀವಿ. ಅದು ಸುಳ್ಳು, ಚಂದ್ರನ ದೂರಕ್ಕೆ ಅದು ಕಾಣೋ ಮಾತೇ ಇಲ್ಲ, 2003ರಲ್ಲಿ ಚೀನಾದವರೇ ಆದ ಯಾಂಗ್ ಲಿವೆಯ್ ಅಂತರಿಕ್ಷಕ್ಕೆ ಹೋಗಿ ಭೂಮಿ ಸುತ್ತಿ ಬಂದು ನನಗೆ ಗೋಡೆ ಕಾಣ್ಲಿಲ್ಲ ಅಂತ ಹೇಳಿದ್ರು. ಈ ಪ್ರಶ್ನೇಲಿ ಎಡವಿದೋರು ಇನ್ನೊಂದ್ಸಲ ಎಡವಲ್ಲ. ಆದ್ರೆ ಆ ಲಾಭ ಸಿಗಬೇಕಾದ್ರೆ ಮೊದ್ಲು ಬಾಯಿ ಬಿಟ್ಟು ಹೇಳಿರ್ಬೇಕಲ್ಲ, ಸಂಕೋಚದವರು ಹೇಳೋದೇ ಇಲ್ಲ. ತಮಾಷೆ ಉತ್ತರ ಒಂದು ಬಂದು ಹೋದ ಮೇಲೆ ತಪ್ಪು ಹೇಳೋ ಹೆದರಿಕೆ ಇಳಿದು ಹೋಗತ್ತೆ, ಯಾಕಂದ್ರೆ ಆಗಲೇ ಒಬ್ರು ಬೇಕಂತಲೇ ತಪ್ಪು ಹೇಳಿ ಎಲ್ರೂ ಖುಷಿಯಾಗಿದ್ದಾರೆ, ಇನ್ನು ನನ್ನದೊಂದು ತಪ್ಪಾದ್ರೆ ಏನು ಅಂತ. ಶುಕ್ರ ಬುಧ ಎರಡೂ ಉತ್ತರ ಸೋಮವಾರದ ಬೆನ್ನಲ್ಲೇ ಬಂದಿದ್ದು ಹಾಗೇನೇ ಅಂತ ನನಗನ್ನಿಸತ್ತೆ.

ಈಗ ಆ ವಾದಕ್ಕೆ ಬರೋಣ, ಯಾಕಂದ್ರೆ ಒಳ್ಳೇ ಪ್ರಶ್ನೆ ಹೆಂಗೆ ಕೂಡಿಸ್ಬೇಕು ಅನ್ನೋದಕ್ಕೆ ಇದಕ್ಕಿಂತ ಒಳ್ಳೇ ಪಾಠ ನನಗೆ ಸಿಕ್ಕಿಲ್ಲ. ದಿನ ಅನ್ನೋದಕ್ಕೆ ಎರಡು ಅರ್ಥ ಇದೆ. ಗ್ರಹ ತನ್ನ ಸುತ್ತ ತಾನು ಒಂದು ಪೂರ್ತಿ ಸುತ್ತು ಹಾಕೋಕೆ ಬೇಕಾದ ಸಮಯ ಒಂದು, ಒಂದು ಸೂರ್ಯೋದಯದಿಂದ ಇನ್ನೊಂದು ಸೂರ್ಯೋದಯದವರೆಗಿನ ಸಮಯ ಇನ್ನೊಂದು. ಭೂಮೀಲಿ ಮೊದಲನೇದು 23 ಗಂಟೆ 56 ನಿಮಿಷ, ಎರಡನೇದು 24 ಗಂಟೆ, ನಾಲ್ಕು ನಿಮಿಷದ ವ್ಯತ್ಯಾಸ ಯಾಕೆ ಅಂದ್ರೆ ಭೂಮಿ ತಿರುಗ್ತಾನೇ ಸೂರ್ಯನ ಸುತ್ತ ಸ್ವಲ್ಪ ಮುಂದೆ ಹೋಗಿರತ್ತೆ, ಸೂರ್ಯ ಮತ್ತೆ ಅದೇ ದಿಕ್ಕಿಗೆ ಕಾಣ್ಬೇಕು ಅಂದ್ರೆ ಇನ್ನೊಂಚೂರು ತಿರುಗ್ಬೇಕು. ನಮಗೆ ಇದು ಚಿಲ್ಲರೆ ವ್ಯತ್ಯಾಸ. ನಿಧಾನವಾಗಿ ತಿರುಗೋ ಗ್ರಹಗಳಿಗೆ ಚಿಲ್ಲರೆ ಅಲ್ಲ.

ಶುಕ್ರಂಗೆ ತನ್ನ ಸುತ್ತ ತಿರುಗೋಕೆ ಭೂಮಿ ಲೆಕ್ಕದಲ್ಲಿ 243 ದಿನ, ಸೂರ್ಯನ್ನ ಸುತ್ತೋಕೆ ಸುಮಾರು 225 ದಿನ. ಸುತ್ತನ್ನೇ ದಿನ ಅಂದ್ಕೊಂಡ್ರೆ ಉತ್ತರ ಶುಕ್ರ, ವಾದ ಮುಗೀತು. ಆದ್ರೆ ಶುಕ್ರ ತಿರುಗೋದು ಉಲ್ಟಾ, ಹಾಗಾಗಿ ಅದರ ತಿರುಗಾಟ, ಸೂರ್ಯನ ಸುತ್ತ ಓಡಾಟ ಎರಡೂ ಸೇರ್ಕೊಂಡು ಸೂರ್ಯನ್ನ ಬೇಗ ಬೇಗ ಹುಟ್ಟಿಸ್ತವೆ, ಸೂರ್ಯೋದಯದಿಂದ ಸೂರ್ಯೋದಯಕ್ಕೆ ಅಲ್ಲಿ ಸುಮಾರು 117 ದಿನ ಅಷ್ಟೇ, ಅಂದ್ರೆ ವರ್ಷದ ಅರ್ಧದಷ್ಟು. ಈ ಅರ್ಥದಲ್ಲಿ ಶುಕ್ರ ಔಟು. ಈಗ ಬುಧನ್ನ ನೋಡಿ. ತನ್ನ ಸುತ್ತ ತಿರುಗೋಕೆ ಸುಮಾರು 59 ದಿನ, ವರ್ಷ 88 ದಿನ, ಅಂದ್ರೆ ಎರಡು ವರ್ಷಕ್ಕೆ ಸರಿಯಾಗಿ ಮೂರು ಸುತ್ತು. ಬುಧ ತಿರುಗೋದು ಸುತ್ತೋದು ಎರಡೂ ಒಂದೇ ದಿಕ್ಕಿಗೆ, ಹಾಗಾಗಿ ಮೂರು ಸುತ್ತಲ್ಲಿ ಎರಡು ಸುತ್ತು ಸೂರ್ಯನ ಪ್ರದಕ್ಷಿಣೆಗೇ ವಜಾ ಆಗತ್ತೆ, ಕೈಲಿ ಉಳಿಯೋದು ಒಂದೇ ಸೂರ್ಯೋದಯ. ಎರಡು ವರ್ಷಕ್ಕೆ ಒಂದು ದಿನ, 176 ಭೂಮಿ ದಿನ. ಸೂರ್ಯೋದಯದ ಅರ್ಥದಲ್ಲಿ ಉತ್ತರ ಬುಧ.

ಎರಡು ಸರಿ ಉತ್ತರ, ಒಂದೇ ಪ್ರಶ್ನೆ. ಪ್ರಶ್ನೆ ಹಾಕಿದೋರ ಚೀಟೀಲಿ ಬರೆದಿದ್ದು ಶುಕ್ರ, ಅವರು ಬುಧ ಅಂದೋರಿಗೆ ಮೊದ್ಲು ತಪ್ಪು ಅಂದ್ಬಿಟ್ಟಿದ್ರು. ಹೀಗಾಗದ ಹಾಗೆ ಮಾಡೋಕೆ ಪ್ರಶ್ನೆ ಹಾಕೋಕೆ ಮುಂಚೆ ಉತ್ತರದಿಂದ ಹಿಂದಕ್ಕೆ ಬರ್ಬೇಕು. ಉತ್ತರ ಇಟ್ಕೊಂಡು, ಈ ಪ್ರಶ್ನೆಗೆ ಬೇರೆ ಯಾವುದಾದ್ರೂ ಉತ್ತರ ಸರಿ ಆಗತ್ತಾ ಅಂತ ನಾವೇ ಜಗಳ ತೆಗೀಬೇಕು. "ತನ್ನ ಸುತ್ತ ತಾನು ತಿರುಗೋಕೆ ವರ್ಷಕ್ಕಿಂತ ಜಾಸ್ತಿ ಸಮಯ ತಗೊಳ್ಳೋ ಗ್ರಹ ಯಾವುದು" ಅಂತ ಕೇಳಿದ್ದಿದ್ರೆ ಜಗಳಾನೇ ಇರ್ತಿರ್ಲಿಲ್ಲ. ಹಾಗಂತ ಅವತ್ತಿನ ಜಗಳ ಆಗಿದ್ದು ನನಗೆ ಖುಷೀನೇ, ಅದರಿಂದ ಎಷ್ಟೊಂದು ಕಲಿತ್ವಿ. ಇಲ್ಲೊಂದು ವಿಚಿತ್ರ ನೋಡಿ, ಸೋಮವಾರದ ಜೋಕು ಹುಟ್ಟಿದ್ದೂ ಅದೇ ಸಂದೀಲಿ, ದಿನ ಅನ್ನೋ ಪದ ಸಡಿಲ ಇತ್ತು ಅಂತಾನೇ. ಅಲ್ಲಿಂದ ಮುಂದೆ ನಾನು ಒಂದು ಪ್ರಶ್ನೆಗೆ ಜೋಕು ಬಹಳ ಸುಲಭವಾಗಿ ಬರ್ತಿದೆ ಅಂದ್ರೆ ಯಾವ ಪದ ಸಡಿಲ ಇದೆ ಅಂತ ಹುಡುಕ್ತೀನಿ, ಬಹಳ ಸಲ ಅಲ್ಲೇ ತೂತಿರತ್ತೆ.

ಬೇಕಂತಲೇ ತೂತಿಡೋ ಪ್ರಶ್ನೆಗಳೂ ಇವೆ. "ಮೋಸೆಸ್ ತನ್ನ ಹಡಗಿಗೆ ಪ್ರತಿ ಜಾತಿಯ ಎಷ್ಟು ಪ್ರಾಣಿ ಹತ್ತಿಸ್ಕೊಂಡ" ಅಂದ್ರೆ ಬೈಬಲ್ ಕಥೆ ಗೊತ್ತಿದ್ದೋರೂ ಎರಡು ಅಂತಾರೆ, ಹಡಗಿನ ಕಥೆ ನೋಹನದ್ದು, ಮೋಸೆಸ್‌ದಲ್ಲ. 1981ರಲ್ಲಿ ಇದರ ಮೇಲೆ ಅಧ್ಯಯನ ಆಯ್ತು, ಇದಕ್ಕೆ ಮೋಸೆಸ್ ಭ್ರಮೆ ಅಂತಾನೇ ಹೆಸರು. ಒಂದ್ಸಲ ಮಜಾ ಬರತ್ತೆ, ಮೂರ್ನಾಲ್ಕು ಸಲ ಹೀಗೆ ಕೇಳಿದ್ರೆ ಜನಕ್ಕೆ ಪ್ರಶ್ನೆ ಹಾಕೋರ ಮೇಲಿನ ನಂಬಿಕೆ ಹೋಗತ್ತೆ.

ನಂಬಿಕೆ ವಿಷಯಕ್ಕೆ ಬಂದ್ವಲ್ಲ, ತಮಾಷೆ ಉತ್ತರದ ನಿಜವಾದ ಅಪಾಯ ಇರೋದು ಇಲ್ಲೇ. ಕಾಯೋ ಹೊತ್ತಲ್ಲಿ ಬಾಗಿಲು ತೆಗೆದಿರತ್ತೆ ಅಂದೆ, ಒಳಗೆ ಬರೋದು ಸುಳ್ಳೂ ಆಗಿರ್ಬಹುದು. 1977ರಲ್ಲಿ ಹ್ಯಾಶರ್, ಗೋಲ್ಡ್‌ಸ್ಟೀನ್, ಟೊಪ್ಪಿನೊ ಅನ್ನೋ ಸಂಶೋಧಕರು ಜನಕ್ಕೆ ಎರಡೆರಡು ವಾರದ ಅಂತರದಲ್ಲಿ ಮೂರು ಸಲ 60 ವಾಕ್ಯ ಕೇಳಿಸಿ ನಿಜ ಅನ್ಸತ್ತಾ ಅಂತ ಕೇಳಿದ್ರು, ಕೆಲವು ವಾಕ್ಯ ಪ್ರತಿ ಸಲ ಮತ್ತೆ ಬರ್ತಿದ್ವು. ಮತ್ತೆ ಮತ್ತೆ ಕೇಳಿದ ವಾಕ್ಯ, ಸುಳ್ಳಾಗಿದ್ರೂ, ಹೆಚ್ಚು ಹೆಚ್ಚು ನಿಜ ಅನ್ನಿಸ್ತಾ ಹೋಯ್ತು. ಎಲ್ಲಿ ಕೇಳಿದ್ದು, ಯಾರು ಹೇಳಿದ್ದು, ತಮಾಷೆಗೆ ಹೇಳಿದ್ದಾ ಅನ್ನೋದು ಮೊದಲು ಮರೆತು ಹೋಗತ್ತೆ, ಮಾತು ಮಾತ್ರ ಉಳೀತದೆ.

ಇದಕ್ಕೆ ಟ್ರಿವಿಯಾ ಲೋಕದಲ್ಲೇ ಒಂದು ಹೆಸರುವಾಸಿ ಕಥೆ ಇದೆ. ಫ್ರೆಡ್ ವರ್ತ್ ಅನ್ನೋ ಅಮೆರಿಕದ ಲೇಖಕ ಟ್ರಿವಿಯಾ ಸಂಗ್ರಹದ ಪುಸ್ತಕ ಮಾಡಿದ್ರು, ಯಾರಾದ್ರೂ ಕದ್ರೆ ಗೊತ್ತಾಗ್ಲಿ ಅಂತ ಅದರಲ್ಲಿ ಒಂದು ಸುಳ್ಳು ಸೇರಿಸಿದ್ರು, ಟೀವಿ ಪತ್ತೇದಾರಿ ಕೊಲಂಬೋನ ಮೊದಲ ಹೆಸರು ಫಿಲಿಪ್ ಅಂತ. 1979ರಲ್ಲಿ ಕೆನಡಾದಲ್ಲಿ ಹುಟ್ಟಿದ ಟ್ರಿವಿಯಲ್ ಪರ್ಸ್ಯೂಟ್ ಅನ್ನೋ ಬೋರ್ಡ್ ಗೇಮ್ ಬಹಳ ಓಡ್ತು, ಅದರ ಕಾರ್ಡಲ್ಲಿ ಕೊಲಂಬೋ ಹೆಸರು ಫಿಲಿಪ್ ಅಂತಾನೇ ಬಂತು. ವರ್ತ್ ಕೇಸ್ ಹಾಕಿದ್ರು, ಪುಸ್ತಕದಿಂದ ತಗೊಂಡಿದ್ದು ನಿಜ ಅಂತ ಆ ಕಡೆಯವರೂ ಒಪ್ಕೊಂಡ್ರು, ಆದ್ರೂ ವರ್ತ್ ಸೋತ್ರು, 1987ರಲ್ಲಿ ಅಪೀಲು ಕೋರ್ಟೂ ಅದನ್ನೇ ಎತ್ತಿ ಹಿಡೀತು, ಸಂಗತಿಗಳ ಮೇಲೆ ಯಾರಿಗೂ ಕಾಪಿರೈಟ್ ಇಲ್ಲ ಅಂತ. ನಮ್ಮ ಆಟಕ್ಕೆ ಇದರಲ್ಲಿ ಬೇಕಾದ್ದು ಕಾನೂನಲ್ಲ. ಒಬ್ರು ಬೇಕಂತ ಇಟ್ಟ ಒಂದು ಸುಳ್ಳು, ನಂಬೋ ಹಾಗಿತ್ತು ಅನ್ನೋ ಒಂದೇ ಕಾರಣಕ್ಕೆ, ಅಸಂಖ್ಯಾತ ಮನೆಗಳಿಗೆ ಸರಿ ಉತ್ತರ ಆಗಿ ಹೋಯ್ತು.

ಅದಕ್ಕೇ ನಾನು ತಮಾಷೆ ಉತ್ತರಕ್ಕೆ ಹಾಕೋ ಅಳತೆ ಒಂದೇ, ನಾಳೆ ಬೆಳಿಗ್ಗೆ ಅರೆನಿದ್ದೇಲಿ ನೆನಪಾದ್ರೂ ಅದು ನಿಜ ಅಂತ ಅನ್ನಿಸ್ಬಾರ್ದು. ಭೂಮಿ ಸೋಮವಾರ, ಪ್ಲೂಟೋದ ಪ್ರೊಬೇಷನ್, ಇವನ್ನ ಯಾರೂ ನಂಬಲ್ಲ. ಆದ್ರೆ ಪ್ಲೂಟೋ ಪ್ರಶ್ನೆಗೆ ಗಂಭೀರ ಮುಖ ಮಾಡ್ಕೊಂಡು "ಮೂರು ಸುತ್ತು" ಅಂತ ಒಂದು ನಂಬರ್ ಹೇಳಿ ಒಳಗೊಳಗೇ ನಗೋದು ತಮಾಷೆ ಅಲ್ಲ, ಅದು ಬರೀ ತಪ್ಪು ಮಾಹಿತಿ. ನಂಬರ್, ಇಸವಿ, ಊರ ಹೆಸರು, ಇವುಗಳಲ್ಲಿ ಜೋಕು ಮಾಡೋದಾದ್ರೆ ಬಹಳ ಜೋಪಾನ. ಜೊತೆಗೆ ಪ್ರಶ್ನೆ ಹಾಕಿದೋರು ಎದ್ದು ಹೋಗೋಕೆ ಮುಂಚೆ ಸರಿ ಉತ್ತರ ಇದು, ನಾನು ನೋಡಿದ್ದು ಇಲ್ಲಿ, ಅಂತ ಎಲ್ರಿಗೂ ಕೇಳೋ ಹಾಗೆ ಹೇಳ್ಲೇಬೇಕು. ಜೋಕು ಎಷ್ಟೇ ಚೆನ್ನಾಗಿದ್ರೂ ಕೊನೇ ಮಾತು ಅದರದ್ದಾಗ್ಬಾರ್ದು.

ಕಳೆದ ಸ್ವಲ್ಪ ಕಾಲದಿಂದ ನಮ್ಮಲ್ಲಿ ಒಂದು ಬದಲಾವಣೆ ಮಾಡಿದೀವಿ. ಮೊದ್ಲು ಸರಿ ಉತ್ತರ ಹೇಳಿದೋರಿಗೆ ಮುಂದಿನ ಪ್ರಶ್ನೆ ಹಾಕೋ ಚಾನ್ಸು ಇತ್ತು, ಅದರಿಂದ ಏನಾಯ್ತು ಅಂದ್ರೆ ಗ್ರೂಪಲ್ಲಿ ಎಲ್ಲಾ ಓದ್ಕೊಂಡಿರೋ ಇಬ್ರ ಮಧ್ಯೇನೇ ಆಟ ಓಡಾಡ್ತಿತ್ತು, ಮಿಕ್ಕೋರೆಲ್ಲ ನೋಡ್ತಾ ಕೂರ್ತಿದ್ರು. ಈಗ ಒಂದ್ಸಲ ಸರಿ ಉತ್ತರ ಹೇಳಿದೋರಿಗೆ, ಇನ್ನೊಂದ್ಸಲ ಚೆನ್ನಾಗಿ ನಗಿಸಿದೋರಿಗೆ ಅಂತ ಮಾಡಿದೀವಿ. ಹಾಗೆ ಮೊನ್ನೆ ಚಾನ್ಸ್ ಸಿಕ್ಕಿದ್ದು ಹೊಸದಾಗಿ ಸೇರಿದ ಒಬ್ಬ ಹುಡುಗಿಗೆ, ಅವಳು ನಿಜವಾಗಿ ಹಕ್ಕಿ ನೋಡೋಳು, ಆಕಾಶಕ್ಕೆ ಈಗ ಬಂದಿದಾಳೆ. ಅವಳು ಕೇಳಿದ್ದು, "2022ರಲ್ಲಿ ಟ್ಯಾಗ್ ಹಾಕಿದ್ದ ಐದು ತಿಂಗಳ ಒಂದು ಬಾರ್-ಟೇಲ್ಡ್ ಗಾಡ್‌ವಿಟ್ ಹಕ್ಕಿ ಅಲಾಸ್ಕದಿಂದ ಟ್ಯಾಸ್ಮೇನಿಯಾವರೆಗೆ 13,560 ಕಿಲೋಮೀಟರ್, 11 ದಿನ ಹಾರ್ತು. ಮಧ್ಯೆ ಒಂದ್ಸಲಾನೂ ಯಾಕೆ ಇಳೀಲಿಲ್ಲ?"

ನಮ್ಮ ಆ ಇಬ್ರೂ ಓದ್ಕೊಂಡೋರು ಸುಮ್ಮನಾದ್ರು, ಹಕ್ಕಿ ವಿಷಯ ಅವರಿಗೆ ಗೊತ್ತಿಲ್ಲ. ಬಹಳ ಹೊತ್ತಾದ್ಮೇಲೆ ಅವರಲ್ಲೊಬ್ರು, ಯಾವತ್ತೂ ಜೋಕು ಮಾಡದೋರು, ಮೆಲ್ಲಗೆ "ಸಮುದ್ರದಲ್ಲಿ ಪಾರ್ಕಿಂಗ್ ಸಿಕ್ಕಿರಲ್ಲಮ್ಮ" ಅಂದ್ರು. ಎಲ್ರೂ ನಕ್ವಿ, ಅವಳು ಮಾತ್ರ ಕಣ್ಣರಳಿಸಿ "ಸಾರ್, ಉತ್ತರ ಅದೇ" ಅಂದ್ಲು, ಗಾಡ್‌ವಿಟ್ ದಡದ ಹಕ್ಕಿ, ಬಾತುಕೋಳಿ ಥರ ನೀರ ಮೇಲೆ ಇಳಿದು ತೇಲ್ತಾ ಸುಧಾರಿಸ್ಕೊಳ್ಳೋಕೆ ಅದಕ್ಕೆ ಆಗಲ್ಲ, ನೆಲ ಸಿಗೋವರೆಗೂ ಹಾರ್ಲೇಬೇಕು. ಮುಂದಿನ ಪ್ರಶ್ನೆ ಹಾಕೋ ಚಾನ್ಸು ಎರಡೂ ಲೆಕ್ಕದಲ್ಲಿ ಅವರಿಗೇ ಹೋಯ್ತು.